ಹುಟ್ಟಿದ ಮೇಲಷ್ಟೇ ವಿಮೆ

"ಹೆರಿಗೆಗೆ ಐತೆ, ಹುಟ್ಟಿದ ಮಗೂಗೂ ಐತೆ ಕಣಕ್ಕ. ಮಕ್ಕಳಾಗೋ ಚಿಕಿತ್ಸೆಗೆ ಮಾತ್ರ ಇಲ್ಲ. ಕಂಪನಿ ಪ್ರಕಾರ ಅದು ಕಾಯಿಲೇನೇ ಅಲ್ಲ."

ತಿಪಟೂರಿನ ನಮ್ಮ ಮನೆಯ ಜಗಲಿಯಲ್ಲಿ ಎಳನೀರು ಕುಡಿಯುತ್ತಾ ಆರೋಗ್ಯ ವಿಮೆಯ ಏಜೆಂಟರು ಹೇಳಿದರು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲದ ನಾನು ಆಸ್ಪತ್ರೆಗೆ ಅಲೆಯುತ್ತಿದ್ದೆ. ಹುಟ್ಟಿದ ಮೇಲೆ ಎಲ್ಲರೂ ನೆಂಟರೇ ಎಂದುಕೊಂಡೆ.

ತಮ್ಮ ಮಗಳ ಸೀಮಂತಕ್ಕೆ ಅವರು ನಮ್ಮಲ್ಲಿ ಕೊಬ್ಬರಿ ಕೇಳಿದ್ದರು. ಈ ಸೀಮೆಯಲ್ಲಿ ಕೊಬ್ಬರಿ ಇಲ್ಲದೆ ಬಸುರಿಯ ಮಡಿಲು ತುಂಬುವುದಿಲ್ಲ. ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ನಾನೇ ಸುಲಿದು, ಒಳ್ಳೆಯವನ್ನು ಆರಿಸಿ ಕೊಟ್ಟೆ. ಚೀಲ ಎತ್ತಿಕೊಂಡವರು, "ಭಾನುವಾರ ಬರ್ಬೇಕು ಕಣಕ್ಕ" ಎಂದರು. ಆಮೇಲೆ ದನಿ ತಗ್ಗಿಸಿ, "ಮಡಿಲು ತುಂಬೋದು ಮುಗುದ್ಮೇಲೆ, ಊಟದ ಹೊತ್ತಿಗೆ ಬನ್ನಿ. ಹೆಂಗಸ್ರು ಏನಾದ್ರೂ ಅಂದ್ಬುಟ್ಟಾರು" ಎಂದು ಸೇರಿಸಿದರು.

"ಕಾಯಿಲೆ ಅಲ್ಲ ಅಂದ್ರಲ್ಲ, ಮತ್ತೆ ಅಂಟುತ್ತಾ?" ಎಂದು ಕೇಳಿದೆ.

ಅವರು ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಸ್ಕೂಟರಿನ ಕಿಕ್ ಒದ್ದರು. ಪಾಪ, ಅದು ಬೇಗ ಹೊರಡಲಿಲ್ಲ.

ಭಾನುವಾರ ಊಟದ ಹೊತ್ತಿಗೇ ಹೋದೆ. ನನ್ನ ಕೈ ಮುಟ್ಟಿದ ಕೊಬ್ಬರಿಗಳು ನನಗಿಂತ ಮೊದಲೇ ಬಂದು ಆ ಹುಡುಗಿಯ ಮಡಿಲಲ್ಲಿ ಕುಳಿತಿದ್ದವು. ಯಾರಿಗೂ ಏನೂ ಅಂಟಿರಲಿಲ್ಲ.