ಗಿರಿಜಕ್ಕನ ಮೊಳಕಾಲ್ಮೂರು

ನಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಹೆಂಗಸು ಕನ್ನಡಕ ತೆಗೆಯುತ್ತಾಳೆ. ತೆಗೆದ ಕೂಡಲೇ ಕಟ್ಟಿಕೊಂಡ ಗಂಡನಿಗೇ ಅವಳ ಗುರುತು ಸಿಗದೆ ಹೋಗುತ್ತದೆ. ನೀವು ನಗಬಹುದು. ಆದರೆ ನಮ್ಮ ಚಳ್ಳಕೆರೆಯ ಅರ್ಧ ಊರು ಆ ಹೊತ್ತಿಗೆ ಉಂಡ ಕೈ ತೊಳೆಯುವುದನ್ನೂ ಮರೆತು ಟೀವಿಯಲ್ಲಿ ಇದನ್ನೇ ನೋಡುತ್ತ ಕೂತಿರುತ್ತದೆ. ಕನ್ನಡಕ ಹಾಕಿಕೊಂಡರೆ ಅವಳು ಬಾಯಿ ಸತ್ತ ಸೊಸೆ. ತೆಗೆದರೆ ದೊಡ್ಡ ಕಂಪನಿಯ ಒಡತಿ, ಬೇರೆ ಹೆಸರು, ಬಿಚ್ಚಿದ ಕೂದಲು. ಅದೇ ಕಂಪನಿಯಲ್ಲಿ ಗಂಡ ಮ್ಯಾನೇಜರು. ಹಗಲೆಲ್ಲ ‘ಎಸ್ ಮೇಡಂ’ ಎಂದು ಅವಳ ಮುಂದೆ ಕೈಕಟ್ಟಿ ನಿಲ್ಲುವವನು ಸಂಜೆ ಮನೆಗೆ ಬಂದು ‘ಕಾಫಿ ತಾರೇ’ ಎನ್ನುತ್ತಾನೆ. ಇಂಥವನಿಗೆ ಸಂಬಳ ಕೊಟ್ಟೂ ಆ ಕಂಪನಿ ಇನ್ನೂ ಹೇಗೆ ನಿಂತಿದೆ ಎಂಬುದೇ ನನ್ನ ಚಿಂತೆ.

ಆ ಧಾರಾವಾಹಿಯ ಅಡುಗೆಮನೆಯಲ್ಲಿ ಇಲ್ಲಿಯತನಕ ಯಾರೂ ಒಂದು ಬೆಳ್ಳುಳ್ಳಿ ಸುಲಿದಿಲ್ಲ. ಎಲ್ಲರೂ ಸರ, ಜುಮುಕಿ, ರೇಷ್ಮೆ ಸೀರೆ ಸಮೇತ ಮಲಗಿ, ಸೆರಗು ಸುಕ್ಕಾಗದಂತೆ ಏಳುತ್ತಾರೆ. ಯಾರಾದರೂ ಮುಖ ತಿರುಗಿಸಿದರೆ ಸಾಕು, ಗುಡುಗುತ್ತದೆ. ಮೋಡವೇ ಅಪರೂಪವಾದ ನಮ್ಮ ಸೀಮೆಯಲ್ಲಿ ಗುಡುಗು ಕೇಳಬೇಕೆಂದರೆ ಈಗ ಟೀವಿಯನ್ನೇ ಹಾಕಬೇಕು.

ನನ್ನ ಅತ್ತೆಗೆ ಎಂಬತ್ತರ ಹತ್ತಿರ. ಆ ಕನ್ನಡಕದವಳಿಗಾಗಿ ಅವರು ಸುರಿಸಿದಷ್ಟು ಕಣ್ಣೀರನ್ನು ಮಾವನವರು ತೀರಿಕೊಂಡಾಗಲೂ ಸುರಿಸಲಿಲ್ಲ. ಹೋದ ತಿಂಗಳು ಒಂದು ದಿನ ನಾನು ಅವರ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ಅವತ್ತು ಧಾರಾವಾಹಿಯಲ್ಲಿ ಅವಳ ಗುಟ್ಟು ರಟ್ಟಾಯಿತು. ರಟ್ಟು ಮಾಡಿದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಕಣ್ಣಿಗೆ ಅರ್ಧ ಡಬ್ಬಿ ಕಾಡಿಗೆ ಬಳಿದುಕೊಂಡವಳು. ಅವಳು ಆ ಮನೆಯ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು, ಗುಡುಗಿತು.

“ಹಾವು ಕಣವ್ವ ಇವಳು,” ಎಂದರು ನಮ್ಮತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಇಂಥೋಳು ಇರೋ ಮನೆ ಉದ್ಧಾರ ಆಗ್ತೈತಾ?”

ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಯಾಕೆಂದರೆ ಅಂಥವಳು ಈ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದಾಳೆ. ಈಗ ಕೂತು ಬರೆಯುತ್ತಿರುವವಳು ಅವಳೇ.

ನಿಮಗೆ ಗಿರಿಜಕ್ಕನ ವಿಷಯ ಹೇಳಬೇಕು. ಅವಳು ನನ್ನ ವಾರಗಿತ್ತಿ, ಹಿರಿಯ ಸೊಸೆ. ಮೊಳಕಾಲ್ಮೂರಿನ ಬಟ್ಟೆ ವ್ಯಾಪಾರದವರ ಮಗಳು, ನೇಕಾರರ ಓಣಿಯ ಪಕ್ಕದಲ್ಲೇ ಬೆಳೆದವಳು. ನಮ್ಮದು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನವರ ಮನೆ. ಮಿಲ್ಲು ನಿಂತು ಎಷ್ಟೋ ಕಾಲವಾದರೂ ಜಂಬಕ್ಕೆ ಮಾತ್ರ ಇನ್ನೂ ಎಣ್ಣೆ ಹಾಕುತ್ತಲೇ ಇದ್ದೇವೆ. ಈ ಮನೆಯಲ್ಲಿ ಗಿರಿಜಕ್ಕ ಮಾತಾಡಿದ್ದನ್ನು ಕೇಳಿದವರು ಕಡಿಮೆ. ‘ಹೂಂ ಅತ್ತೆ’, ‘ಆತು ಅತ್ತೆ’, ಇಷ್ಟೇ ಅವಳ ಕನ್ನಡ. ತಿಂಗಳಿಗೆ ಒಂದು ಬುಧವಾರ ಮಾತ್ರ ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗಿ ಸಂಜೆಗೆ ಬರುತ್ತಿದ್ದಳು. ಅಲ್ಲಿ ಹಾಸಿಗೆ ಹಿಡಿದ ದೊಡ್ಡಮ್ಮ ಇದ್ದಾರೆ ಎಂಬುದು ಕಾರಣ. ಆ ದೊಡ್ಡಮ್ಮ ಹಾಸಿಗೆಯಲ್ಲೇ ಬಹಳ ವರ್ಷ ಬಾಳಿದರು. ನಿಜ ಹೇಳಬೇಕೆಂದರೆ ತೀರಿಕೊಂಡು ಎರಡು ವರ್ಷವಾದ ಮೇಲೂ ಅವರ ಕಾಯಿಲೆ ವಾಸಿಯಾಗಲಿಲ್ಲ.

ಒಂದು ಮಧ್ಯಾಹ್ನ ಹಳೆಯ ಕೌದಿ ಇಳಿಸಲು ಅಟ್ಟ ಹತ್ತಿದ ನನಗೆ ಕೌದಿಗಳ ನಡುವೆ ಒಂದು ಕಟ್ಟು ಗ್ರಾಫ್ ಹಾಳೆ ಸಿಕ್ಕಿತು. ಬಿಚ್ಚಿದರೆ, ಒಂದೊಂದು ಹಾಳೆಯಲ್ಲೂ ಸಣ್ಣ ಸಣ್ಣ ಚೌಕಗಳನ್ನು ತುಂಬಿ ಬರೆದ ನವಿಲು, ಮಾವಿನಕಾಯಿ, ಗೋಪುರದ ಅಂಚು. ಹಿಂದೆಯೇ ಏಣಿ ಹತ್ತಿ ಬಂದಿದ್ದ ಗಿರಿಜಕ್ಕ ಗಾಬರಿಯಾಗಲಿಲ್ಲ.

“ಸೀರೆ ಅಂಚಿಗೆ,” ಎಂದಳು. “ಇದನ್ನ ನೋಡಿ ರಟ್ಟಿಗೆ ತೂತು ಹೊಡೀತಾರೆ. ಆ ರಟ್ಟನ್ನ ಮಗ್ಗಕ್ಕೆ ಕಟ್ತಾರೆ. ತೂತು ಹೇಳಿದಂಗೆ ಮಗ್ಗ ಕೇಳ್ತೈತೆ.” ಹಾಳೆಗಳನ್ನು ಮತ್ತೆ ಕಟ್ಟುತ್ತ, “ನೋಡಿದ್ದಾತಲ್ಲ. ಬುಧವಾರ ನೀನೂ ಬಾ,” ಎಂದಳು.

ಹೋದೆ. ಬಸ್ಸು ದಾರಿಯಲ್ಲಿನ ತಳಕು ಊರನ್ನು ದಾಟುವವರೆಗೂ ಅವಳು ನಮ್ಮ ಮನೆಯ ಗಿರಿಜಕ್ಕನೇ ಆಗಿದ್ದಳು. ಮೊಳಕಾಲ್ಮೂರಿನ ಓಣಿಯಲ್ಲಿ ಒಬ್ಬ ಮುದುಕ ನೇಕಾರನ ಮನೆಯ ಹೊಸಿಲು ದಾಟಿದ್ದೇ ತಡ, ಅವನ ಹೆಂಡತಿ “ರಾ ಅಕ್ಕಾ, ಕೂರ್ಚೋ” ಎಂದು ಚಾಪೆ ಹಾಸಿದಳು. ನಮ್ಮ ಗಿರಿಜಕ್ಕ ಕಾಲು ಚಾಚಿ ಕೂತು, ಗೋಡೆಗೆ ಒರಗಿ, ಪಟಪಟ ತೆಲುಗಿನಲ್ಲಿ ಶುರು ಮಾಡಿದಳು. ಮುದುಕನಿಗೆ ಎರಡೂ ಕಣ್ಣಿಗೆ ಪೊರೆ. ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿ, ನವಿಲಿನ ಕತ್ತು ಕೋಳಿಯದಾಯಿತೆಂದು ತಕರಾರು ತೆಗೆದ. ಇವಳು ಬಿಡಲಿಲ್ಲ. ಜಗಳ ಆಡಿದಳು, ಅಳಿಸಿದಳು, ಮತ್ತೆ ಬರೆದಳು. ಆಮೇಲೆ ಅವನು ಏನೋ ಅಂದ. ಗಿರಿಜಕ್ಕ ನಕ್ಕಳು. ಆ ನಗು ಬೀದಿಗೆ ಕೇಳುವಂತಿತ್ತು. ಹದಿನೇಳು ವರ್ಷ ಒಂದೇ ಒಲೆಯ ಮುಂದೆ ಬೆವರಿದ ನನಗೆ, ಇವಳಿಗೆ ಇಂಥದೊಂದು ನಗು ಇದೆ ಎಂಬುದೇ ಗೊತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ನೇಕಾರನ ಹೆಂಡತಿ ಕೊಟ್ಟ ಮೆಣಸಿನಕಾಯಿ ಬಜ್ಜಿ ಎಂದುಕೊಂಡೆ. ಅಲ್ಲ.

ನಮ್ಮ ಕುದಾಪುರದ ಕಡೆ ಹುಲ್ಲುಗಾವಲಿಗೆ ಗೋಡೆ ಕಟ್ಟಿಕೊಂಡು ವಿಜ್ಞಾನಿಗಳು ಏನೇನೋ ಮಾಡುತ್ತಾರೆ. ಒಳಗೇನಿದೆಯೆಂದು ಗೋಡೆಯಾಚೆ ಕುರಿ ಮೇಯಿಸುವವರಿಗೂ ತಿಳಿಯದು. ಆ ಗುಟ್ಟಿಗೆ ಬಂದೂಕು ಹಿಡಿದವರ ಕಾವಲಿದೆ. ಗಿರಿಜಕ್ಕನ ಗುಟ್ಟಿಗೆ ಕಾವಲಿದ್ದವಳು ನಾನೊಬ್ಬಳೇ, ಮತ್ತು ನಾನು ಎರಡು ತಿಂಗಳೂ ತಡೆಯಲಿಲ್ಲ. ಒಂದು ದಿನ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದೆ: “ಗಿರಿಜಕ್ಕನ ದೊಡ್ಡಮ್ಮ ತೀರ್ಕೊಂಡು ಎರಡು ವರ್ಷಾತಂತೆ ಅತ್ತೆ. ಅಕ್ಕ ಅಲ್ಲಿ ಒಬ್ಬ ನೇಕಾರನ ಮನೆಗೆ ಹೋಗಿ ಬರ್ತಾರೆ.” ಒಂದು ಅಕ್ಷರ ಸುಳ್ಳು ಹೇಳಲಿಲ್ಲ. ನೇಕಾರನ ವಯಸ್ಸು, ಅವನ ಪೊರೆಗಣ್ಣು, ಅವನ ಹೆಂಡತಿ, ಆ ಹಾಳೆಗಳು, ಇವಿಷ್ಟನ್ನು ಮಾತ್ರ ಬಿಟ್ಟೆ.

ಮಿಕ್ಕಿದ್ದನ್ನು ಟೀವಿ ತುಂಬಿತು. ಆಗಲೂ ಇಂಥದೇ ಒಂದು ಧಾರಾವಾಹಿ ಇತ್ತು. ಸುಳ್ಳು ಹೇಳಿ ಹೊರಗೆ ಹೋಗುವ ಹೆಂಗಸಿಗೆ ಅಲ್ಲೊಬ್ಬ ಗಂಡಸು ಇದ್ದೇ ಇರುತ್ತಾನೆ ಎಂಬುದನ್ನು ನಮ್ಮತ್ತೆ ಅದರಿಂದಲೇ ಕಲಿತಿದ್ದು. ಮರುದಿನ ಊಟವಾದ ಮೇಲೆ ನಡುಮನೆಯಲ್ಲಿ ವಿಚಾರಣೆ ಕೂಡಿತು. ಗಿರಿಜಕ್ಕನ ಗಂಡ, ನನ್ನ ಭಾವ, ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

“ಮೊಳಕಾಲ್ಮೂರಾಗೆ ಯಾರವ್ವ ಅದಾರೆ ನಿಂಗೆ?” ಅತ್ತೆ ಕೇಳಿದರು.

ಗಿರಿಜಕ್ಕ ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಅಟ್ಟ ಹತ್ತಿ ಹೋಗಿ ಆ ಕಟ್ಟು ತಂದು ಅತ್ತೆಯ ಮುಂದೆ ಹರವಿದಳು. “ಇದನ್ನ ಬರೆದು ಕೊಡ್ತೀನಿ ಅತ್ತೆ. ಅವರು ಸೀರೆ ನೇಯ್ತಾರೆ. ಕೂಲಿ ಕೊಡ್ತಾರೆ.”

ಧಾರಾವಾಹಿಯಾಗಿದ್ದರೆ ಅತ್ತೆ ಅವತ್ತು ಅದೇ ಅಂಚಿನ ಸೀರೆ ಉಟ್ಟಿರುತ್ತಿದ್ದರು. ಅವರು ಉಟ್ಟಿದ್ದು ಅರಿಶಿನದ ಕಲೆಯಾದ ವಾಯಿಲ್ ಸೀರೆ. ಗಂಡಸಿಲ್ಲ ಎಂದು ತಿಳಿದ ಆ ಗಳಿಗೆಯಲ್ಲಿ ಅವರ ಮುಖ ಸಡಿಲಾಗಿದ್ದನ್ನು ನಾನು ಕಂಡೆ. ಮರುಗಳಿಗೆಯಲ್ಲೇ ಅದು ಮೊದಲಿಗಿಂತ ಕೆಟ್ಟದಾಗಿ ಬಿಗಿಯಿತು. ಗಂಡಸಿನ ವಿಷಯವಾಗಿದ್ದರೆ ನಾಲ್ಕು ಗೋಡೆಯೊಳಗೆ ಹೂತುಬಿಡಬಹುದಿತ್ತು. ಒಂದು ಓಣಿಗೇ ಗೊತ್ತಿರುವ ಕೂಲಿಯ ವಿಷಯ ಹಾಗೆ ಮುಚ್ಚಿಡಲು ಬರುತ್ತದೆಯೇ?

“ಮಿಲ್ಲಿನೋರ ಸೊಸೆ ನೇಕಾರ್ರ ಹತ್ರ ಕೂಲಿಗೆ ಕೈ ಚಾಚ್ತಾಳಾ?” ಎಂದರು. ಹಾಳೆಗಳ ಕಡೆ ಅವರು ಬಗ್ಗಿ ಕೂಡ ನೋಡಲಿಲ್ಲ. ನನ್ನ ಕಡೆ ತಿರುಗಿ, “ತಗೊಂಡು ಹೋಗಿ ಹಂಡೆ ಒಲೆಗೆ ಹಾಕು,” ಎಂದರು.

ಹಾಕಿದೆ. ಒಂದೊಂದಾಗಿ ಹಾಕಿದೆ, ಒಟ್ಟಿಗೆ ತುರುಕಿದರೆ ಹೊಗೆಯಾಗುತ್ತದೆಂದು. ಒಂದು ಹಾಳೆಯನ್ನಾದರೂ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಮುಚ್ಚಿಡಲಿಲ್ಲ. ಆ ನೀರಿನಲ್ಲೇ ಸಾಯಂಕಾಲ ಎಲ್ಲರೂ ಸ್ನಾನ ಮಾಡಿದೆವು. ವಾರ ಕಳೆಯುವುದರೊಳಗೆ ಅತ್ತೆ ನನ್ನನ್ನು ಕರೆದು, ಮನೆಯ ಮರ್ಯಾದೆ ಉಳಿಸಿದೆ ಎಂದು ಕೈಗೆ ಒಂದು ಜೊತೆ ಬಳೆ ಹಾಕಿದರು. ಹಾಕಿಸಿಕೊಂಡೆ.

ಭಾವನವರಿಗೆ ಬಾಯಿ ಬರಲು ಮೂರು ದಿನ ಬೇಕಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿ ತಟ್ಟೆ ಪಕ್ಕಕ್ಕೆ ಸರಿಸಿ, “ಅವ್ವ, ಆ ಹಾಳೆ ಚಿತ್ರದುರ್ಗದಿಂದ ತಂದುಕೊಡ್ತಿದ್ದೋನು ನಾನು. ಅವಳು ಎಲ್ಲಿಗೆ ಹೋಗ್ತಾಳೆ ಅಂತ ನನಗೆ ಮೊದಲಿಂದ ಗೊತ್ತೈತೆ. ಅವತ್ತು ಹೇಳ್ಬೇಕಿತ್ತು, ಹೇಳಲಿಲ್ಲ. ನನ್ನದು ತಪ್ಪಾತು,” ಎಂದರು. ಮಿಲ್ಲಿನವರಂಥ ಮನೆತನದಲ್ಲಿ ಹುಟ್ಟಿದ ಗಂಡಸು ಸತ್ಯ ಹೇಳಲು ಮೂರು ದಿನವಷ್ಟೇ ತೆಗೆದುಕೊಂಡದ್ದು ದೊಡ್ಡದೇ ಅನ್ನಿ. ಆ ವರ್ಷವೇ ಇಬ್ಬರೂ ಮೊಳಕಾಲ್ಮೂರಿಗೆ ಹೋಗಿ ನೆಲೆಸಿದರು. ಭಾವ ಅಲ್ಲೊಂದು ಕಿರಾಣಿ ಅಂಗಡಿ ಇಟ್ಟರು. ಆಮೇಲೆ ನಾನು ಗಿರಿಜಕ್ಕನನ್ನು ನೋಡಿದ್ದು ಮದುವೆಮನೆಗಳಲ್ಲಿ ಮಾತ್ರ, ದೂರದ ಸಾಲಿನಲ್ಲಿ.

ಇದಾಗಿ ಹದಿಮೂರು ವರ್ಷ. ಹೋದ ತಿಂಗಳು ಅತ್ತೆ ಕಾಡಿಗೆಯವಳನ್ನು ಹಾವು ಎಂದಾಗ ನಾನು ಕೇಳಿದೆ: “ಅತ್ತೆ, ನಾನೂ ಅದನ್ನೇ ಮಾಡಿದ್ದಲ್ವಾ?”

ಅವರು ಆಶ್ಚರ್ಯದಿಂದ ನನ್ನ ಮುಖ ನೋಡಿದರು. “ನೀನು ಮಾಡಿದ್ದು ಮನೆ ಮರ್ಯಾದೆಗೆ. ಇವಳು ಮಾಡಿದ್ದು ಹೊಟ್ಟೆಕಿಚ್ಚಿಗೆ. ಅದಕ್ಕೂ ಇದಕ್ಕೂ ಏನು ಸಂಬಂಧ?”

“ನಂದೂ ಹೊಟ್ಟೆಕಿಚ್ಚೇ ಅತ್ತೆ.”

“ಸುಮ್ನಿರು, ಕೇಳ್ತಿಲ್ಲ,” ಎಂದು ಅವರು ಟೀವಿಯ ಸದ್ದು ಜಾಸ್ತಿ ಮಾಡಿದರು.

ಎರಡು ದಿನ ಬಿಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಗಿರಿಜಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ. ಆ ನೇಕಾರ ದಂಪತಿಗಳು ಈಗಿಲ್ಲ. ಅವರ ಮಗ ಮಗ್ಗ ನಡೆಸುತ್ತಾನೆ, ಅವನಿಗೂ ಅಂಚು ಬರೆದುಕೊಡುವವಳು ಇವಳೇ. ಕಿಟಕಿಯ ಬಳಿ ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದಳು. ಕೂತ್ಕೋ ಎನ್ನುವ ಮೊದಲೇ ನಾನು ಹೇಳಿಬಿಟ್ಟೆ: “ಅಕ್ಕ, ಅವತ್ತು ಅತ್ತೆಗೆ ಹೇಳಿದ್ದು ನಾನು.”

ಅವಳು ತಲೆ ಎತ್ತಲಿಲ್ಲ. ಆ ಸಾಲಿನ ಚೌಕಗಳನ್ನು ತುಂಬಿ ಮುಗಿಸಿದಳು. “ನಿನ್ನ ಬಿಟ್ಟು ಇನ್ನ್ಯಾರಿಗೆ ಗೊತ್ತಿತ್ತು?” ಎಂದಳು. “ಹೇಳಿದ್ದಕ್ಕೆ ನಾನೇನೂ ಅನ್ನಲ್ಲ. ಹಾಳೆ ವಿಷಯ ಯಾಕೆ ಬಿಟ್ಟೆ?”

ಈ ಪ್ರಶ್ನೆಯನ್ನು ಹದಿಮೂರು ವರ್ಷ ನಾನು ನನಗೇ ಕೇಳಿಕೊಂಡಿರಲಿಲ್ಲ. “ನೀನು ಇಲ್ಲಿ ನಗ್ತಿದ್ದೆ ಅಕ್ಕ,” ಎಂದೆ. “ಅದನ್ನ ನೋಡೋಕಾಗ್ಲಿಲ್ಲ.”

ಅವಳು ಪೆನ್ಸಿಲ್ ಕೆಳಗಿಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಎರಡು ತಟ್ಟೆ ಹಾಕಿ, ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಉಣ್ಣುವಾಗ ಕೇಳಿದಳು: “ಮನೇಲಿ ಏನಂತ ಹೇಳಿ ಬಂದೆ?”

“ಹಲ್ಲು ತೋರಿಸೋಕೆ ದುರ್ಗಕ್ಕೆ ಹೋಗ್ತೀನಿ ಅಂತ.”

“ಇನ್ನೊಂದು ಸಲ ಬರೋದಾದ್ರೆ ಹಂಗೆ ಬರಬೇಡ,” ಎಂದಳು. “ನಾನು ಹೇಳಿದ ಸುಳ್ಳು ನಂಗೇ ಸಾಕಾಗೈತೆ. ನಿಂದೂ ಬೇಡ.”

ನಿನ್ನೆ ಬೆಳಿಗ್ಗೆ ತಲೆ ಬಾಚಿಕೊಂಡು ನಡುಮನೆಗೆ ಬಂದೆ. ಅತ್ತೆ ಮಂಚದ ಮೇಲೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ನನ್ನ ಗಂಡ ಪೇಪರು ಓದುತ್ತಿದ್ದರು. ಇಬ್ಬರಿಗೂ ಕೇಳುವಂತೆ, “ಮೊಳಕಾಲ್ಮೂರಿಗೆ ಹೋಗ್ತಿದೀನಿ, ಗಿರಿಜಕ್ಕನ ಮನೆಗೆ,” ಎಂದೆ. ಐವತ್ತು ದಾಟಿದ ಹೆಂಗಸು ಹೋಗುವ ಊರಿನ ಹೆಸರು ಹೇಳಲು ಇಷ್ಟು ಹೆದರುವುದು ನಾಚಿಕೆಗೇಡು.

ಅತ್ತೆಯ ಬೆರಳು ಹಣೆಯ ಮೇಲೆ ನಿಂತಿತು. “ಯಾಕೆ?” ಎಂದರು.

“ಅವಳ ಹತ್ರ ಸ್ವಲ್ಪ ಕೂತು ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.