ಉದ್ಯಾಪನೆಯ ದಿನ ಬೆಳಗಿನ ರೊಟ್ಟಿ

ನಾನು ಸೋಮವಾರದ ಉಪವಾಸ ಹಿಡಿದದ್ದು ಯಾಕೆ ಎಂಬುದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ.

ಒಂದರಲ್ಲಿ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ನನ್ನ ಮೈದುನ ಮದುವೆ ಊಟದ ಪಂಕ್ತಿಯಲ್ಲಿ ಕೂತು, "ವೈನೀನ್ನ ಒಮ್ಮೆ ಕಬ್ಬ ತೂಗೂ ಕಾಟಾದ ಮ್ಯಾಲ ನಿಂದರಸ್ರಿ, ಟ್ರ್ಯಾಕ್ಟರ್ ಬ್ಯಾಡ, ಬರೇ ವೈನೀನ ಸಾಕು" ಎನ್ನುತ್ತಾನೆ. ಅವನ ಅತ್ತಿಗೆಯಾದ ನನ್ನನ್ನು ನೋಡಿ ಪಂಕ್ತಿ ಪೂರ್ತಿ ನಗುತ್ತದೆ. ಇನ್ನೊಂದರಲ್ಲಿ ಅಂಥದೇ ಮಾತನ್ನು ಅವನು ತನ್ನ ಅಕ್ಕನ ಬಗ್ಗೆ ಆಡುತ್ತಾನೆ, ನಗುವವರ ಸಾಲಿನಲ್ಲಿ ನಾನೂ ಇದ್ದೇನೆ. ಎರಡನೆಯದೇ ನಿಜವಿರಬೇಕು. ಅದರಲ್ಲಿ ನನ್ನ ಬಾಯಲ್ಲಿ ಬೂಂದಿ ಇದೆ.

ಯಾವುದಾದರೂ ಆಗಲಿ, ಮರುದಿನ ಬೈಲಹೊಂಗಲದ ನಮ್ಮ ಮನೆಯಲ್ಲಿ ಅತ್ತೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. "ಸೋಮವಾರ ಹಿಡಿ. ಮೈಯೂ ಇಳೀತೈತಿ, ಪುಣ್ಯಾನೂ ಬರತೈತಿ." ಅವರು ಚಿಕ್ಕಂದಿನಿಂದ ಸೋಮವಾರ ಒಪ್ಪತ್ತು ಇರುವವರು. ಹಗಲೆಲ್ಲ ಬರಿಹೊಟ್ಟೆ, ಸಂಜೆ ಒಂದು ಊಟ. ಆ ದಿನ ಊಟದ ಮಾತನ್ನೇ ಅವರು ಎತ್ತುವುದಿಲ್ಲ.

ನಾನು ಬೆಳಿಗ್ಗೆಯಿಂದ ಊಟವನ್ನು ಬಿಟ್ಟು ಬೇರೇನನ್ನೂ ಯೋಚಿಸುತ್ತಿರಲಿಲ್ಲ. ಕಿತ್ತೂರಿನ ಹತ್ತಿರದ ಶಾಲೆಯಲ್ಲಿ ಪಾಠ ಮಾಡುತ್ತ ಕರಿಹಲಗೆಯ ಮೇಲೆ ಭಿನ್ನರಾಶಿ ಬರೆದರೆ ಅದು ಹೋಳು ಮಾಡಿದ ಚಪಾತಿಯಂತೆ ಕಾಣುತ್ತಿತ್ತು. ಸಂಜೆ ದೀಪ ಹಚ್ಚಿ ಕೂತರೆ ಒಂದೇ ಊಟದಲ್ಲಿ ಮೂರು ಊಟ. ಭಾನುವಾರ ಇನ್ನೂ ಕೆಟ್ಟದ್ದು. "ತಿಂದ ಬಿಡು, ನಾಳೆ ಸೋಮವಾರ ಐತಿ" ಎಂದು ಅತ್ತೆ ಉಳಿದದ್ದನ್ನು ನನ್ನ ತಟ್ಟೆಗೆ ಸುರಿಯುತ್ತಿದ್ದರು. ಅವರು ಸುರಿಯದಿದ್ದರೂ ನಾನೇ ಸುರಿದುಕೊಳ್ಳುತ್ತಿದ್ದೆ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಅಡುಗೆಮನೆಯಲ್ಲಿ ನಿಂತು ಚೂಡಾದ ಡಬ್ಬಿ ತೆರೆಯುತ್ತಿದ್ದೆ, ಆಮೇಲೆ ಶೇಂಗಾ ಉಂಡಿಯ ಡಬ್ಬಿ, ಆಮೇಲೆ ಬರೀ ಬೆಲ್ಲ. ನಿಂತು ತಿಂದದ್ದು ತಿಂದಂತಲ್ಲ ಎಂದು ಯಾರು ನನಗೆ ಕಲಿಸಿದರೋ ಗೊತ್ತಿಲ್ಲ. ಬಹಳ ಚೆನ್ನಾಗಿ ಕಲಿಸಿದ್ದರು.

ಮೈ ಇಳಿಯಲಿಲ್ಲ. ಆಗ ನಮ್ಮವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ಇನ್ನೊಂದು ವಾರ ಹಿಡಿದೆ. ಸವದತ್ತಿಯ ಯಲ್ಲಮ್ಮನ ಹೆಸರಲ್ಲಿ ಮಂಗಳವಾರ, ಶುಕ್ರವಾರ. ಮಠದ ಅಜ್ಜಾರ ಹೆಸರಲ್ಲಿ ಗುರುವಾರ. ಪ್ರತಿ ಸಲ ಒಂದಿಷ್ಟು ಇಳಿಯುತ್ತಿತ್ತು, ಆಮೇಲೆ ಇಳಿದದ್ದಕ್ಕಿಂತ ಹೆಚ್ಚು ಏರುತ್ತಿತ್ತು. ಉಪವಾಸದ ಫರಾಳ ಎಂದು ಮನೆಮನೆಗಳಲ್ಲಿ ಕೊಡುವ ಸಾಬೂದಾಣಿ, ಪೇಡೆ, ಬಾಳೆಹಣ್ಣು, ಎಣ್ಣೆಯಲ್ಲಿ ಈಜುವ ಬಟಾಟೆ ಬೇರೆ. ಓಣಿಯಲ್ಲಿ ನನಗೆ ದೊಡ್ಡ ಹೆಸರು ಬಂತು. "ನಿಮ್ಮ ಸೊಸಿ ಭಾಳ ಕಡಕ್ ನೋಡ್ರಿ" ಎಂದು ಹೆಂಗಸರು ಅತ್ತೆಗೆ ಹೇಳುವರು. ಎದುರು ಮನೆಯ ಕಾಕು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ಉಪಾಸ ಮಾಡಿದ್ರೂ ಮೈ ಹಂಗ ಐತೆಲ್ಲ ಯವ್ವಾ, ಯಲ್ಲವ್ವ ನಿನಗ ಗಾಳ್ಯಾಗ ಉಣಸಾಕತ್ತಾಳೇನ?" ಎಂದರು. ನಾನು ನಕ್ಕೆ. ಮನೆಗೆ ಬಂದು ಉಂಡಿ ತಿಂದೆ.

ಇಲ್ಲಿ ಒಂದು ಕ್ಷಣ ಬರಬೇಕು, ಎಲ್ಲ ಹೊಳೆದುಬಿಡುವ ಕ್ಷಣ. ಅಂಥದ್ದು ಬರಲಿಲ್ಲ. ಬಂದಿತ್ತು ಎಂದು ಬರೆದರೆ ಅದು ನನ್ನ ಕೈಯ ಕೆಲಸವಾಗುತ್ತದೆ. ನಡೆದದ್ದು ಇಷ್ಟೇ: ಬೇಸಿಗೆ ರಜೆಗೆ ರಾಮದುರ್ಗದ ತವರಿಗೆ ಹೋಗಿದ್ದೆ. ಅಲ್ಲಿ ನನ್ನ ಉಪವಾಸ ನಡೆಯುತ್ತಿರಲಿಲ್ಲ. "ತವರಿಗೆ ಬಂದ ಹೆಣ್ಣಮಗಳು ಬರಿಹೊಟ್ಟೀಲೆ ಕುಂತ್ರ ಮಂದಿ ನನಗ ಏನಂದಾರ? ಸೋಮವಾರ ನಿಮ್ಮತ್ತಿ ಮನ್ಯಾಗ ಇಟ್ಟ ಬಾ" ಎನ್ನುವಳು ಅವ್ವ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಊಟ, ರಾತ್ರಿ ಊಟ, ಎಲ್ಲ ಕೂತು. ಊರಿಗೆ ಮರಳುವ ದಿನ ಜಂಪರಿನ ಗುಂಡಿ ಹಾಕಿಕೊಳ್ಳುವಾಗ ಕೈ ನಿಂತಿತು. ಬಿಗಿಯಾಗಿರಲಿಲ್ಲ. ಇಡೀ ರಜೆಯಲ್ಲಿ ನಾನು ಡಬ್ಬಿಗಳ ಹತ್ತಿರ ಹೋಗಿರಲಿಲ್ಲ, ಹೋಗಬಾರದು ಎಂದು ಅನ್ನಿಸಿಯೂ ಇರಲಿಲ್ಲ. ಪ್ರತಿ ವರ್ಷವೂ ಹೀಗೇ ಆಗಿರಬೇಕು. ನಾನು ನೋಡಿದ್ದು ಆ ವರ್ಷ.

ಶಾಲೆ ಶುರುವಾಗುವ ಮೊದಲು ಅತ್ತೆಗೆ ಹೇಳಿದೆ. ಅವರು ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತಿದ್ದರು.

"ಅತ್ತಿ, ನಾ ಸೋಮವಾರ ಬಿಡಾಕತ್ತೇನ್ರಿ."

"ಯಾಕ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನ್ರಿ. ಉಪಾಸ ಮಾಡೇ ದಪ್ಪ ಆಗೇನಿ."

"ಹುಚ್ಚಿ! ಉಪಾಸ ಮಾಡಿ ಯಾರರ ದಪ್ಪ ಆಗ್ಯಾರೇನ ಲೋಕದಾಗ?"

"ಇಲ್ಲೇ ನಿಂತೇನಲ್ರಿ."

ಅವರು ಮೊರದಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ನಗು ತಡೆದರೋ ಸಿಟ್ಟು ತಡೆದರೋ ಹೇಳಲಾರೆ. "ಹಿಡದದ್ದನ್ನ ಹಂಗ ಬಿಡಾಕ ಬರೂದಿಲ್ಲ. ಉದ್ಯಾಪನಿ ಮಾಡು. ಐದು ಮಂದಿ ಮುತ್ತೈದೇರನ್ನ ಕರದು ಹೋಳಿಗಿ ಉಣಿಸಿ, ಉಡಿ ತುಂಬಿ ಮುಗಸು. ಆಮ್ಯಾಲ ಬೇಕಾದಷ್ಟ ತಿನ್ನು, ನಾ ಕೇಳೂದಿಲ್ಲ."

ವ್ರತವನ್ನು ವಿಧಿಯಂತೆ ಮುಗಿಸುವುದು ನಮ್ಮಲ್ಲಿ ಹೀಗೆಯೇ. ಉಪವಾಸ ಬಿಡಬೇಕಾದರೆ ಹಬ್ಬದೂಟ ಮಾಡಬೇಕು, ಅದೂ ಒಂದು ಸೋಮವಾರವೇ. ಮುತ್ತೈದೆಯರು ಉಂಡು ಏಳುವವರೆಗೆ ಮನೆಯಾಕೆ ಏನೂ ಮುಟ್ಟುವಂತಿಲ್ಲ. ಮಧ್ಯಾಹ್ನ ಹೊತ್ತಿಳಿದ ಮೇಲೆ, ಬೆಳಿಗ್ಗೆಯಿಂದ ಹಸಿದ ಹೆಂಗಸೊಬ್ಬಳನ್ನು ತುಂಬಿದ ಹೋಳಿಗೆಯ ಬುಟ್ಟಿಯ ಮುಂದೆ ಕೂರಿಸುವುದು. ಆ ಹೆಂಗಸನ್ನು ನಾನು ಬಲ್ಲೆ. ಅವಳು ಆ ದಿನ ಅಲ್ಲಿಗೆ ಬಂದರೆ ಮತ್ತೆ ಮಂಗಳವಾರದಿಂದ ಎಲ್ಲ ಮೊದಲಾಗುತ್ತದೆ. ಅವಳನ್ನು ಬರಗೊಡಬಾರದು, ಅಷ್ಟೇ ನನ್ನ ಹಟ. ಅತ್ತೆಯ ದೇವರ ಮೇಲೆ ನನಗೆ ಯಾವ ಜಗಳವೂ ಇರಲಿಲ್ಲ.

ಉದ್ಯಾಪನೆಯ ದಿನ ಎದ್ದು, ಜಳಕ ಮಾಡಿ, ಹೂರಣಕ್ಕೆ ಬೇಳೆ ಒಲೆಯ ಮೇಲಿಟ್ಟು, ಎರಡು ರೊಟ್ಟಿ ಬಡಿದುಕೊಂಡೆ. ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮೊಸರು. ತಟ್ಟೆ ಹಿಡಿದು ಪಡಸಾಲೆಯ ನಡುವೆ, ಬಾಗಿಲಿಗೆ ಎದುರಾಗಿ ಕೂತೆ.

ಅತ್ತೆ ದೇವರ ಕೋಣೆಯಿಂದ ಬಂದರು. "ಇವತ್ತ?"

"ಇವತ್ತರಿ."

"ಮುತ್ತೈದೇರು ಇನ್ನೂ ಬಂದಿಲ್ಲ."

"ಗೊತ್ತೈತ್ರಿ."

"ದೇವರಿಗೆ ಏನ ಹೇಳ್ತಿ?"

"ರೊಟ್ಟಿ ತಿಂದೇನಿ ಅಂತ ಹೇಳ್ತೇನ್ರಿ."

ನನ್ನ ಗಂಡ ಒಳಗೆ ಬಂದವರು ಇಬ್ಬರ ಮುಖ ನೋಡಿ, ಹೂವು ತರುವುದಿದೆ ಎಂದು ಮತ್ತೆ ಚಪ್ಪಲಿ ಮೆಟ್ಟಿದರು. ಹೂವು ಆಗಲೇ ತಂದಾಗಿತ್ತು. ನಾನು ಅಷ್ಟು ನೆಟ್ಟಗೆ ಉತ್ತರ ಕೊಟ್ಟೆನೋ, ಇಲ್ಲವೇ ಆ ಉತ್ತರಗಳನ್ನು ಆಮೇಲೆ ಕಿತ್ತೂರಿನ ಬಸ್ಸಿನಲ್ಲಿ ಕೂತು ತಿದ್ದಿಕೊಂಡೆನೋ ಖಚಿತವಿಲ್ಲ. ರೊಟ್ಟಿ ತಿಂದದ್ದು ಖಚಿತ. ಹಿಂಡಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂತು. ಅದನ್ನು ಅಳು ಎಂದು ಬರೆದರೆ ಓದುವವರಿಗೆ ಹಿಡಿಸುತ್ತದೆ. ಅದು ಖಾರವೇ.

ಮುತ್ತೈದೆಯರು ಬಂದರು. ಉಡಿ ತುಂಬಿದ್ದಾಯಿತು. ಎಲೆ ಹಾಕಿ ಬಡಿಸುವಾಗ ಎದುರು ಮನೆಯ ಕಾಕು ನನ್ನ ಕೈ ಹಿಡಿದರು. "ಮುಂಜಾನಿಂದ ಉಪಾಸ ಇದ್ದ ಓಡ್ಯಾಡಾಕತ್ತಿ, ಸಾವಕಾಶ ಯವ್ವಾ, ಕಣ್ಣಿಗೆ ಕತ್ತಲಿ ಬಂದೀತು."

"ಉಪಾಸ ಇಲ್ರಿ ಕಾಕು. ರೊಟ್ಟಿ ತಿಂದೇನಿ."

ಐವರ ಕೈಗಳೂ ಎಲೆಯ ಮೇಲೆ ನಿಂತವು. ಎಲ್ಲರೂ ನೋಡಿದ್ದು ನನ್ನನ್ನಲ್ಲ, ಅತ್ತೆಯನ್ನು. ಅತ್ತೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದರು. "ಆಕೀನ್ನ ಏನ ಕೇಳ್ತೀರಿ, ಹೋಳಿಗಿ ಆರಾಕತ್ತಾವು, ಉಣ್ರಿ" ಎಂದರು. ನನ್ನ ಪರವಾಗಿ ಅಂದದ್ದಲ್ಲ. ಅವರಿಗೆ ಮನೆಯ ಮರ್ಯಾದೆ ಮುಖ್ಯ.

ಎಲ್ಲರೂ ಉಂಡ ಮೇಲೆ ನಾನು ಕೂತೆ. ಹೊಟ್ಟೆ ಹಸಿದಿತ್ತು, ಮೈಮೇಲೆ ಬರುವಷ್ಟಲ್ಲ. ಅತ್ತೆ ಒಂದು ಹೋಳಿಗೆ ಹಾಕಿದರು, ಹಾಲು, ತುಪ್ಪ. ಎಷ್ಟೋ ವರ್ಷಗಳ ಮೇಲೆ ಹೋಳಿಗೆಯಲ್ಲಿ ಏಲಕ್ಕಿ ಇರುತ್ತದೆ ಎಂದು ತಿಳಿಯಿತು. ಎರಡನೆಯದನ್ನೂ ಉಂಡೆ. ಮೂರನೆಯದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಸಾಕ್ರಿ."

"ಉದ್ಯಾಪನಿ ಊಟದಾಗ ಸಾಕ ಅನಬಾರದು. ಹಾಕಸ್ಕೋ."

"ನಾಳೆ ತಿಂತೇನ್ರಿ, ಅತ್ತಿ."

"ನಾಳೆ ಮಂಗಳವಾರ. ಯಲ್ಲಮ್ಮಂದು."

"ಮಂಗಳವಾರಾನೂ ತಿಂತೇನ್ರಿ."

ಹೋಳಿಗೆ ಅವರ ಕೈಯಲ್ಲೇ ಉಳಿಯಿತು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಕಾಕು ಗೋಡೆಯ ಹತ್ತಿರದಿಂದ, "ಹಂಗಾರ ಮುಂದಿನ ಹೋಳಿಗಿ ಯಾವಾಗ? ಆ ಉದ್ಯಾಪನಿಗೂ ನಮ್ಮನ್ನ ಕರೀತಿಯಲ್ಲ?" ಎಂದರು.

"ಇನ್ನ ಉದ್ಯಾಪನಿ ಇಲ್ರಿ ಕಾಕು. ಬರೇ ಬಿಡೂದು."

ಮಂಗಳವಾರ ಬೆಳಿಗ್ಗೆ ರೊಟ್ಟಿಯ ಜೊತೆ ಒಂದು ಹೋಳಿಗೆ ತಿಂದು ಬಸ್ಸಿಗೆ ಹೋದೆ. ಸಂಜೆ ಬಂದಾಗಲೂ ಬುಟ್ಟಿಯಲ್ಲಿ ಹೋಳಿಗೆಗಳಿದ್ದವು.

ಮೈ ಇಳಿಯಿತೇ ಎಂದು ಕೇಳುವವರಿದ್ದಾರೆ. ಇಳಿಯಿತು. ನಾನೇ ಗಮನಿಸದಷ್ಟು ನಿಧಾನವಾಗಿ, ನಡುವೆ ತಿಂಗಳುಗಟ್ಟಲೆ ನಿಂತು, ಮತ್ತೆ ಇಳಿಯಿತು. ಒಂದು ದೀಪಾವಳಿಯಲ್ಲಿ ಮತ್ತೆ ಡಬ್ಬಿಯ ಮುಂದೆ ನಿಂತೆ. ಮರುದಿನ ಅದಕ್ಕೆ ಪ್ರಾಯಶ್ಚಿತ್ತ ಮಾಡಲಿಲ್ಲ, ಎಂದಿನಂತೆ ರೊಟ್ಟಿ ತಿಂದೆ, ಅಷ್ಟಕ್ಕೇ ಮುಗಿಯಿತು. ಎಷ್ಟು ಕಿಲೋ ಇಳಿಯಿತು ಎಂದು ನಾನು ಹೇಳುವುದಿಲ್ಲ. ಕಾಟಾದ ಮೇಲೆ ನಿಲ್ಲುವುದು ಕಬ್ಬು.

ಅತ್ತೆ ಇಂದಿಗೂ ಸೋಮವಾರ ಹಿಡಿಯುತ್ತಾರೆ. ಬೆಳಿಗ್ಗೆ ನಾನು ತಟ್ಟೆ ಹಿಡಿದು ಕೂತರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ.