ಹೂಂ ಅನ್ನದ ಲಾಲಸಾಬ ಕಾಕಾ

ಲಾಲಸಾಬ ಕಾಕಾರ ಎದುರು ಕೂತು ಮಾತಾಡುವುದು ಹೊಸಬರಿಗೆ ಸಾಕುಬೇಕಾಗಿಬಿಡುತ್ತಿತ್ತು. ನಮ್ಮ ಕಡೆ ಒಬ್ಬರು ಹೇಳುತ್ತಿದ್ದರೆ ಇನ್ನೊಬ್ಬರು ನಡುನಡುವೆ ‘ಹೂಂ’ ಅನ್ನಬೇಕು. ಅದು ಮರ್ಯಾದೆ. ಅನ್ನದಿದ್ದರೆ ಹೇಳುವವರು ಮಾತು ನಿಲ್ಲಿಸಿ ಮುಖ ನೋಡುತ್ತಾರೆ. ಕಾಕಾ ಮಾತ್ರ ಹೂಂ ಅನ್ನುತ್ತಿರಲಿಲ್ಲ. ಪಂಚರಾದ ಸೈಕಲ್ಲಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವಾಗ ಹೇಗೆ ಕಣ್ಣು ಕಿರಿದು ಮಾಡುತ್ತಿದ್ದರೋ ಹಾಗೆಯೇ ನಿಮ್ಮನ್ನೂ ನೋಡುತ್ತ ಕೂತಿರುತ್ತಿದ್ದರು.

“ಕಾಕಾ, ಕೇಳಾಕತ್ತೀರೇನ್ರಿ?”

“ಕೇಳಾಕತ್ತೇನಿ. ಮುಂದ ಹೇಳು.”

ಅಷ್ಟೇ. ಯಾರಾದರೂ ದೊಡ್ಡ ಮಾತಾಡಿದರೆ, “ತಡಿ, ನೀರಾಗ ಹಾಕಿ ನೋಡೂಣು” ಅನ್ನುತ್ತಿದ್ದರು. ನಾನು ಘೋಣಸಗಿಯಿಂದ ತಿಕೋಟಾದ ಹೈಸ್ಕೂಲಿಗೆ ಸೈಕಲ್ ತುಳಿಯುತ್ತಿದ್ದ ಕಾಲಕ್ಕೆ ಅವರ ಪಂಚರ್ ಅಂಗಡಿ ಅಲ್ಲಿನ ರಸ್ತೆ ಬದಿಯಲ್ಲಿತ್ತು. ಆಗಿನ ಕಾಕಾ ಬೇರೆ. ಎಲ್ಲರಿಗಿಂತ ಜೋರಾಗಿ ಹೂಂ ಅನ್ನುತ್ತಿದ್ದವರೇ ಅವರು. ನನ್ನ ಪರೀಕ್ಷೆಯ ಗೋಳು, ಮೇಷ್ಟ್ರ ಮೇಲಿನ ಸಿಟ್ಟು, ಎಲ್ಲಕ್ಕೂ ಹೂಂಗುಟ್ಟುತ್ತಲೇ ಚೈನು ಏರಿಸಿಕೊಡುತ್ತಿದ್ದರು.

ಅದು ಕೆಟ್ಟದ್ದು ತಿಕೋಟಾದಲ್ಲಿ ರಸ್ತೆ ಅಗಲ ಮಾಡುವ ಸಭೆಯಲ್ಲಿ. ಬಂದ ಅಧಿಕಾರಿ ಅರ್ಧ ತಾಸು ವಿವರಿಸಿದರು. ಮುಂದಿನ ಸಾಲಿನಲ್ಲಿದ್ದ ಕಾಕಾ ಮರ್ಯಾದೆಯಿಂದ ಹೂಂ ಅಂದರು. ಕಾಗದ ಬಂದಾಗ ಅದರಲ್ಲಿ, ಅಂಗಡಿಕಾರರು ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂದಿತ್ತು. ಅಂಗಡಿ ಹೋಯಿತು. ಕಾಕಾ, ಅವರ ಹೆಂಡತಿ ಕಾಕೂ ವಿಜಯಪುರಕ್ಕೆ ಬಂದು ಅಥಣಿ ರಸ್ತೆಯ ಒಂದು ಸಣ್ಣ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡರು, ಮುಂದೆ ಮತ್ತೆ ಪಂಚರ್ ಅಂಗಡಿ. ಹೂಂ ಅನ್ನುವುದನ್ನು ತಿಕೋಟಾದಲ್ಲೇ ಬಿಟ್ಟು ಬಂದಿದ್ದರು.

ನಾನು ಮದುವೆಯಾಗಿ ಬಬಲೇಶ್ವರಕ್ಕೆ ಹೋದೆ. ಅಲ್ಲಿಂದ ದಿನಾ ಬಸ್ಸು ಹಿಡಿದು ವಿಜಯಪುರದ ಒಂದು ಕಚೇರಿಗೆ ಬರುತ್ತಿದ್ದೆ. ಊರು ಮುಂದೆ ಹೇಗೆ ಬೆಳೆಯಬೇಕೆಂದು ನಕಾಶೆ ಮಾಡುವ ಕಚೇರಿ. ಕರಾರಿನ ನೌಕರಿ, ವರ್ಷ ವರ್ಷ ಸಾಹೇಬರು ಸಹಿ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸ.

ಹೊಸ ನಕಾಶೆಯ ಕರಡು ಬಂದಾಗ ಜನರ ಅಭಿಪ್ರಾಯ ಕೇಳಲು ಒಂದು ಕಲ್ಯಾಣಮಂಟಪದಲ್ಲಿ ಸಭೆ ಕರೆದರು. ‘ನಾಳಿನ ವಿಜಯಪುರ: ನಿಮ್ಮ ಮಾತು, ನಮ್ಮ ನಕಾಶೆ’ ಎಂದು ಬ್ಯಾನರು. ಬಾಗಿಲಲ್ಲೇ ಚಹಾ, ಚುರಮುರಿ. ಗೋಡೆಯ ಮೇಲಿನ ನಕಾಶೆಯಲ್ಲಿ ಒಂದು ಕೆಂಪು ಗೆರೆ ಅಥಣಿ ರಸ್ತೆಯಿಂದ ಹೊರಟು ಕಾಕಾರ ಓಣಿಯನ್ನು ಸೀಳಿಕೊಂಡು ಹೋಗಿತ್ತು. ಕಾಕಾ ಅದರ ಮುಂದೆ ಕೈಕಟ್ಟಿ ನಿಂತಿದ್ದರು.

“ನೋಡ್ ತಂಗೀ, ಈ ಕಡಿ ಬರೇ ಕಲ್ಲು ನೆಟ್ಟ ಪ್ಲಾಟ ಅದಾವ. ಒಂದ್ ಮನಿ ಇಲ್ಲ, ಒಂದ್ ಮಂದಿ ಇಲ್ಲ. ರಸ್ತೆ ಮಾತ್ರ ಮಂದೀನ ಹುಡಿಕ್ಕೊಂತ ಬಂದೈತಿ.”

ಆ ಪ್ಲಾಟುಗಳು ಊರಿನ ದೊಡ್ಡ ಮಂದಿಯವು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ವಹಿ ಹಿಡಿದು ವೇದಿಕೆ ಹತ್ತಿದೆ.

ಸಭೆ ಶುರುವಾಯಿತು. ಸಾಹೇಬರು ನಿಧಾನವಾಗಿ, ನಯವಾಗಿ ಮಾತಾಡುವವರು. ಎರಡು ವಾಕ್ಯಕ್ಕೊಮ್ಮೆ “ತಿಳೀತಲ್ಲ?” ಅನ್ನುತ್ತಿದ್ದರು. ಇಡೀ ಮಂಟಪ “ಹೂಂನ್ರೀ” ಅನ್ನುತ್ತಿತ್ತು. ಕಾಕಾ ಬಗ್ಗಿಕೊಂಡು ಸಾಲಿನಿಂದ ಸಾಲಿಗೆ ಓಡಾಡತೊಡಗಿದರು. “ಹೂಂ ಅನ್ನಬ್ಯಾಡ್ರಿ, ನಿಮಗ ಕೈ ಮುಗೀತೇನಿ, ಹೂಂ ಅನ್ನಬ್ಯಾಡ್ರಿ!” ಜನ ಅವರಿಗೂ “ಹೂಂ, ಹೂಂ” ಎಂದೇ ಉತ್ತರ ಕೊಟ್ಟರು. ಬೇರೆ ಹೊತ್ತಾಗಿದ್ದರೆ ನಕ್ಕುಬಿಡುತ್ತಿದ್ದೆ. ಆವತ್ತು ನಗು ಬರಲಿಲ್ಲ. ಯಾಕೆಂದರೆ ನನ್ನ ವಹಿಯಲ್ಲಿ ‘ಸಭಿಕರು ಕರಡಿಗೆ ಒಪ್ಪಿಗೆ ಸೂಚಿಸಿದರು’ ಎಂಬ ಸಾಲು ಮೊದಲೇ ಇತ್ತು. ಹಳೆಯ ನಡಾವಳಿ ನೋಡಿ ಬೆಳಿಗ್ಗೆಯೇ ಬರೆದಿಟ್ಟುಕೊಂಡಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದ್ದೆ.

ವಂದನಾರ್ಪಣೆಯ ಹೊತ್ತಿಗೆ ಕಾಕಾ ವೇದಿಕೆಯ ಬುಡಕ್ಕೆ ಬಂದರು.

“ತಂಗೀ, ಏನ್ ಬರದೀ ಅದನ್ನ ಓದು. ಗಟ್ಟ್ಯಾಗಿ ಓದು.”

“ಅದೆಲ್ಲ ಆಮ್ಯಾಲೆ, ಕಚೇರಿಗೆ ಬರ್ರಿ,” ಎಂದರು ಸಾಹೇಬರು. ನನ್ನ ಕಡೆ ನೋಡಿದ ನೋಟದಲ್ಲಿ ಆ ನಯ ಇರಲಿಲ್ಲ. ಮೈಕು ನನ್ನ ಮುಂದೇ ಇತ್ತು. ಕಾಕಾರ ಮುಖ ನೋಡಿದೆ. ಅವರು ಬೇಡಿಕೊಳ್ಳುತ್ತಿರಲಿಲ್ಲ, ಕಾಯುತ್ತಿದ್ದರು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. ‘ಸಭಿಕರು ಕರಡಿಗೆ ಒಪ್ಪಿಗೆ ಸೂಚಿಸಿದರು’ ಎಂದು ಓದಿದೆ.

ಕುರ್ಚಿಗಳು ಸರಿದ ಸದ್ದು.

“ಒಪ್ಪೇವಿ ಅಂತ ಯಾರ್ ಅಂದ್ರು?” ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು.

“ನೀವೇ ಹೂಂ ಅಂದ್ರಲ್ಲ!” ಸಾಹೇಬರು ದನಿ ಏರಿಸಿದರು.

“ಹೂಂ ಅಂದ್ರ ಕೇಳೇವಿ ಅಂತ್ರೀ, ಒಪ್ಪೇವಿ ಅಂತಲ್ಲ,” ಎಂದರು ಕಾಕಾ. “ಒಪ್ಪಿದ್ರ ಒಪ್ಪೇವಿ ಅಂತನ ಅಂತೇವಿ. ಅದಕ್ಕ ಬ್ಯಾರೆ ಮಾತೈತಿ ನಮ್ಮಲ್ಲಿ.”

ಜನ ವೇದಿಕೆಗೆ ಒತ್ತಿಕೊಂಡು ಬಂದರು. ಯಾರೋ ನಕಾಶೆಗೆ ಕೈ ಹಾಕಿದರು. ಕಾಕಾ ಆ ಮನುಷ್ಯನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು, “ಹರೀಬ್ಯಾಡ, ಬರಸು” ಎಂದು ಗದರಿದರು. ನಾನು ‘ಒಪ್ಪಿಗೆ ಸೂಚಿಸಿದರು’ ಎಂಬುದನ್ನು ಹೊಡೆದುಹಾಕಿ ‘ಕೇಳಿಸಿಕೊಂಡರು, ಒಪ್ಪಲಿಲ್ಲ’ ಎಂದು ಬರೆದೆ. ಸಾಹೇಬರು ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು.

ಓಣಿಯವರೆಲ್ಲ ಆಕ್ಷೇಪಣೆ ಕೊಟ್ಟರು. ಕೆಲವು ತಿಂಗಳ ಮೇಲೆ ಎಲ್ಲರಿಗೂ ಒಂದೇ ಉತ್ತರ ಹೋಯಿತು. ಅದನ್ನು ಟೈಪು ಮಾಡಿದವಳೂ ನಾನೇ. ಕಾಕಾ ಫೋನು ಮಾಡಿ ಕರೆಸಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋಗಿ ಬಂದು ಮಂಚದ ಮೇಲಿದ್ದರು. ಸಣ್ಣಗಾಗಿದ್ದರು.

“‘ಪರಿಗಣಿಸಲಾಗಿದೆ’ ಅಂತ ಬರದಾರ. ಹಂಗಂದ್ರ ಏನವ್ವಾ? ಒಪ್ಪ್ಯಾರೋ, ಬರೇ ಕೇಳ್ಯಾರೋ?”

ಸುಳ್ಳು ಹೇಳಬಹುದಿತ್ತು, ಆ ಸ್ಥಿತಿಯಲ್ಲಿ ಹೇಳಬೇಕೂ ಅನ್ನಿಸಿತು. “ಬರೇ ಕೇಳ್ಯಾರ ಕಾಕಾ. ಗೆರಿ ಅಲ್ಲೇ ಐತಿ,” ಎಂದೆ.

“ಅಂದ್ರ ಅವ್ರೂ ಹೂಂ ಅಂದ್ರು,” ಎಂದು ಕಾಕಾ ನಕ್ಕರು, ನಕ್ಕಿದ್ದು ಕೆಮ್ಮಾಯಿತು. ಕೊನೆಯ ಸಲ ಆಕ್ಷೇಪಣೆ ಕೊಡಲು ಇನ್ನು ಎರಡು ದಿನ ಉಳಿದಿದ್ದವು. ಅವರು ಹೇಳಿದರು, ನಾನು ಬರೆದೆ: ‘ಕೆಳಗೆ ಸಹಿ ಮಾಡಿದ ನಾನು ಈ ರಸ್ತೆಗೆ ಒಪ್ಪಿಲ್ಲ. ಮನೆಗಳನ್ನು ಬಿಟ್ಟು ಖಾಲಿ ಪ್ಲಾಟುಗಳ ಮೇಲೆ ಗೆರೆ ಸರಿಸಬೇಕು.’ ಹೆಸರು ಹಾಕಲೇ ಎಂದರೆ, “ಒಳಗ ಬ್ಯಾಡ, ತೆಳಗ ಬರ್ತೈತಲ್ಲ. ಇವತ್ತೊಂದಿನ ಇರ್ಲಿ, ನಾಳೆ ಮತ್ತೊಮ್ಮೆ ಓದಿಸಿ ಸಹಿ ಹಾಕತೇನಿ” ಎಂದರು. ಕಾಗದ ನನ್ನ ಚೀಲದಲ್ಲೇ ಉಳಿಯಿತು.

ಮರುದಿನ ಸಂಜೆ ಕಚೇರಿ ಬಿಡುವುದು ತಡವಾಯಿತು, ಬಬಲೇಶ್ವರದ ಬಸ್ಸು ತಪ್ಪುತ್ತದೆಂದು ಕಾಕಾರ ಮನೆಗೆ ಹೋಗಲಾಗಲಿಲ್ಲ. ಅದರ ಮರುದಿನ ಬೆಳಿಗ್ಗೆ ಕಾಕಾ ತೀರಿಕೊಂಡ ಸುದ್ದಿ ಬಂತು. ಮಣ್ಣು ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಹೆಂಗಸರ ನಡುವೆ ಕೂತಿದ್ದ ಕಾಕೂ ಮುಂದೆ, ಸಹಿ ಹಾಕ್ರಿ ಎಂದು ಕಾಗದ ಚಾಚಲು ನನಗೆ ಕೈ ಬರಲಿಲ್ಲ. ಅಳು ಬರುತ್ತಿತ್ತು, ಆಕ್ಷೇಪಣೆಗೆ ಅಂದೇ ಕೊನೆಯ ದಿನವೆಂದು ಗಡಿಯಾರವನ್ನೂ ನೋಡುತ್ತಿದ್ದೆ. ನಾಚಿಕೆಯಾಯಿತು. ಎದ್ದು ಆಟೋ ಹಿಡಿದು ಕಚೇರಿಗೆ ಬಂದಾಗ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಶಿಕ್ಕಾ, ಶಾಯಿಪ್ಯಾಡು ಬದಿಗಿಟ್ಟು ಕಿಟಕಿ ಮುಚ್ಚಲು ಎದ್ದಿದ್ದ.

“ಮೇಡಂ, ಅರ್ಜಿದಾರರ ಸಹಿ ಇಲ್ಲಲ್ರೀ?”

ಪೆನ್ನು ತೆಗೆದು ಕೆಳಗೆ ಸಹಿ ಮಾಡಿ ಕೊಟ್ಟೆ. ಅವನು ಸಹಿ ನೋಡಿದ, ಒಳಗಿನ ಸಾಹೇಬರ ಬಾಗಿಲು ನೋಡಿದ, ನನ್ನನ್ನು ನೋಡಿದ.

“ಇದು ನಿಮ್ಮ ಸಹಿರಿ. ಮುಂದಿನ ತಿಂಗಳ ನಿಮ್ಮ ಕರಾರ ಮುಗೀತೈತಿ.”

“ಗೊತ್ತೈತಿ,” ಎಂದೆ. “ಶಿಕ್ಕಾ ಹೊಡೀರಿ.”